ತಲೆಗೆ ಎರಡು ಪೆನ್ನಿ: ಇಂಗ್ಲಿಷ್ ಹಿತ್ತಲಿನ ಮುಳ್ಳಿನ ಅತಿಥಿ

2015ರ ನವೆಂಬರ್ ತಿಂಗಳಲ್ಲಿ ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಒಂದು ಅಪರೂಪದ ಚರ್ಚೆ ನಡೆಯಿತು. ಪ್ಲಿಮತ್ ನಗರದ ಸದಸ್ಯ ಆಲಿವರ್ ಕಾಲ್ವಿಲ್ ಅಂದು ಎತ್ತಿದ ವಿಷಯ ಯುದ್ಧದ್ದೂ ಅಲ್ಲ, ತೆರಿಗೆಯದೂ ಅಲ್ಲ. ಮನೆಗಳ ಹಿತ್ತಲಲ್ಲಿ ರಾತ್ರಿ ಹೊತ್ತು ಹುಳುಹುಪ್ಪಟೆ ಹುಡುಕುತ್ತ ತಿರುಗುವ ಹೆಜ್‌ಹಾಗ್ ಎಂಬ ಪುಟ್ಟ ಪ್ರಾಣಿಯನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು. ಉತ್ತರ ಕೊಟ್ಟ ಪರಿಸರ ಖಾತೆಯ ಮಂತ್ರಿ ರೋರಿ ಸ್ಟೂವರ್ಟ್ ಸಭೆಗೆ ಒಂದು ಹಳೆಯ ಸಂಗತಿಯನ್ನು ನೆನಪಿಸಿದರು. ಅವರು ಹೇಳಿದಂತೆ ಈ ಪ್ರಾಣಿಯ ವಿಚಾರ ಪಾರ್ಲಿಮೆಂಟಿನಲ್ಲಿ ಇದಕ್ಕೆ ಮುಂಚೆ ಬಂದದ್ದು 1566ರಲ್ಲಿ. ಆಗ ಇದರ ತಲೆಗೆ ಎರಡು ಪೆನ್ನಿ ಬಹುಮಾನ ಗೊತ್ತುಮಾಡಲಾಗಿತ್ತು!

ಈ ಎರಡು ಚರ್ಚೆಗಳ ನಡುವೆ ಸುಮಾರು ನಾಲ್ಕೂವರೆ ಶತಮಾನಗಳ ಅಂತರವಿದೆ. ಇಷ್ಟು ಕಾಲದಲ್ಲಿ ಹೆಜ್‌ಹಾಗ್ ತನ್ನ ನಡತೆಯನ್ನೇನೂ ಬದಲಿಸಿಕೊಂಡಿಲ್ಲ. ಆಗ ತಿನ್ನುತ್ತಿದ್ದುದನ್ನೇ ಈಗಲೂ ತಿನ್ನುತ್ತದೆ. ಆಗ ಮುದುಡುತ್ತಿದ್ದಂತೆಯೇ ಈಗಲೂ ಮುದುಡುತ್ತದೆ. ಕೊಂದು ತಂದವನಿಗೆ ಕಾಸು ಕೊಡುತ್ತಿದ್ದ ನಾಡು ಬೇಲಿಯಲ್ಲಿ ಕಿಂಡಿ ಕೊರೆದು ಅದನ್ನು ಒಳಗೆ ಕರೆಯುವಂತಾದದ್ದು ಹೇಗೆ ಎಂಬುದು ಕುತೂಹಲದ ಕಥೆ.

ಮುಳ್ಳುಹಂದಿಯಲ್ಲ

ಮೊದಲು ಒಂದು ಗೊಂದಲ ನಿವಾರಣೆಯಾಗಬೇಕು. ನಮ್ಮ ಎಷ್ಟೋ ಪುಸ್ತಕಗಳಲ್ಲಿ ಹೆಜ್‌ಹಾಗ್ ಎಂಬುದಕ್ಕೆ ಮುಳ್ಳುಹಂದಿ ಎಂದು ಅರ್ಥ ಬರೆದಿರುತ್ತಾರೆ. ನಮ್ಮ ಕಾಡುಗಳಲ್ಲಿ ಗೆಡ್ಡೆಗೆಣಸು ಅಗೆದು ತಿನ್ನುವ, ಗೇಣುದ್ದಕ್ಕೂ ಮೀರಿದ ಕಪ್ಪುಬಿಳುಪು ಮುಳ್ಳುಗಳ ಮುಳ್ಳುಹಂದಿ ಇಲಿ, ಅಳಿಲುಗಳ ಬಳಗಕ್ಕೆ ಸೇರಿದ್ದು. ಹೆಜ್‌ಹಾಗ್ ಆ ಬಳಗದ್ದಲ್ಲ. ಸೊಂಡಿಲಿಯ ದೂರದ ನೆಂಟ. ಮೈಯುದ್ದ ಒಂದು ಗೇಣು, ತೂಕ ಹೆಚ್ಚೆಂದರೆ ಒಂದು ಕಿಲೋದ ಆಸುಪಾಸು. ಬೆನ್ನ ಮೇಲೆ ಸುಮಾರು ಐದರಿಂದ ಏಳು ಸಾವಿರ ಗಿಡ್ಡ ಮುಳ್ಳುಗಳು. ನಮ್ಮ ಉಗುರು, ಕೂದಲು ಆಗಿರುವ ವಸ್ತುವಿನಿಂದಲೇ ಆದ ಇವು ಒಳಗೆ ಟೊಳ್ಳು. ಅಪಾಯ ಕಂಡೊಡನೆ ಬೆನ್ನಿನ ಚರ್ಮದಡಿಯ ಸ್ನಾಯು ದಾರ ಬಿಗಿದ ಚೀಲದ ಬಾಯಂತೆ ಸಂಕುಚಿಸುತ್ತದೆ. ತಲೆ, ಕಾಲು, ಹೊಟ್ಟೆ ಎಲ್ಲವೂ ಒಳಗೆ ಸೇರಿ ಹೊರಗೆ ಮುಳ್ಳಿನ ಚೆಂಡು ಮಾತ್ರ ಉಳಿಯುತ್ತದೆ.

ದಕ್ಷಿಣ ಭಾರತದಲ್ಲೂ ಇದರ ಸಂಬಂಧಿಯೊಂದಿದೆ. ತಮಿಳುನಾಡಿನ ಒಣ ಪ್ರದೇಶಗಳಲ್ಲಿ ಕಾಣುವ ಇದನ್ನು ಅಲ್ಲಿನ ಜನ ‘ಮುಳ್ಳೆಲಿ’ ಎನ್ನುತ್ತಾರೆ. ಕನ್ನಡದಲ್ಲಿ ಮುಳ್ಳಿಲಿ ಎಂದರೆ ಸರಿಹೋದೀತು. ಇಂಗ್ಲಿಷಿನ ಹೆಸರಿನ ಅರ್ಥವಾದರೋ ‘ಬೇಲಿಹಂದಿ’. ಬೇಲಿಗಳ ಬುಡದಲ್ಲಿ ಹಂದಿಯಂತೆ ಮೂತಿಯಿಂದ ನೆಲ ಕೆದಕುತ್ತ, ಗುರುಗುಟ್ಟುತ್ತ ಹೋಗುವುದರಿಂದ ಈ ಹೆಸರು. ಅದಕ್ಕಿಂತ ಮುಂಚೆ ಫ್ರೆಂಚಿನಿಂದ ಬಂದ ‘ಅರ್ಚಿನ್’ ಎಂಬ ಹೆಸರಿತ್ತು. ಸಮುದ್ರದ ಮುಳ್ಳುಚೆಂಡಿಗೆ ಇಂಗ್ಲಿಷಿನಲ್ಲಿ ‘ಸೀ ಅರ್ಚಿನ್’ ಎನ್ನುವುದು ಆ ಹಳೆಯ ಹೆಸರಿನ ಕುರುಹು.

ಹಣ್ಣು ಹೊತ್ತವನು, ಹಾಲು ಕದ್ದವನು

ಹೆಜ್‌ಹಾಗ್ ಬಗ್ಗೆ ಯುರೋಪಿನಲ್ಲಿ ಕಥೆಗಳು ಹುಟ್ಟಿಕೊಂಡದ್ದು ಬಹಳ ಹಿಂದೆ. ಗಾಳಿ ಯಾವ ದಿಕ್ಕಿಗೆ ತಿರುಗುತ್ತದೆಂಬುದನ್ನು ಇದು ಮೊದಲೇ ಅರಿತು ತನ್ನ ಬಿಲದ ಬಾಯಿ ಬದಲಿಸುತ್ತದೆಂದು ಗ್ರೀಸಿನ ಅರಿಸ್ಟಾಟಲ್ ಬರೆದ. ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯ ಪ್ರಕಾರ ಇದು ಬಿದ್ದ ಸೇಬುಗಳ ಮೇಲೆ ಹೊರಳಾಡಿ, ಮುಳ್ಳಿಗೆ ಚುಚ್ಚಿಕೊಂಡು ಚಳಿಗಾಲಕ್ಕೆ ಗೂಡಿಗೆ ಸಾಗಿಸುತ್ತದೆ. ಏಳನೆಯ ಶತಮಾನದ ಇಸಿಡೋರನ ಬರವಣಿಗೆಯಲ್ಲಿ ಸೇಬಿನ ಬದಲು ದ್ರಾಕ್ಷಿ ಬಂತು. ಮಧ್ಯಯುಗದ ಹಸ್ತಪ್ರತಿಗಳಲ್ಲಿ ಬೆನ್ನ ತುಂಬ ಹಣ್ಣು ಸಿಕ್ಕಿಸಿಕೊಂಡ ಹೆಜ್‌ಹಾಗ್‌ಗಳ ಚಿತ್ರಗಳು ಹೇರಳ. ಈಗಲೂ ಮಕ್ಕಳ ಪುಸ್ತಕಗಳಲ್ಲಿ ಅದೇ ಚಿತ್ರ. ವಾಸ್ತವದಲ್ಲಿ ಇದು ಚಳಿಗಾಲಕ್ಕೆ ಆಹಾರ ಕೂಡಿಡುವ ಪ್ರಾಣಿಯೇ ಅಲ್ಲ. ಕೂಡಿಡುವುದು ಮೈಯೊಳಗಿನ ಕೊಬ್ಬನ್ನು ಮಾತ್ರ.

ಈ ಕಥೆಯಿಂದ ಯಾರಿಗೂ ಕೇಡಾಗಲಿಲ್ಲ. ಇನ್ನೊಂದು ಕಥೆಯಿಂದ ಕೇಡಾಯಿತು. ರಾತ್ರಿ ಹುಲ್ಲುಗಾವಲಿನಲ್ಲಿ ಮಲಗಿದ ಹಸುಗಳ ಕೆಚ್ಚಲಿಗೆ ಬಾಯಿಟ್ಟು ಹೆಜ್‌ಹಾಗ್ ಹಾಲು ಕುಡಿಯುತ್ತದೆ ಎಂಬ ನಂಬಿಕೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಗಟ್ಟಿಯಾಗಿತ್ತು. ಕೇರೆಹಾವು ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆಂದು ನಮ್ಮಲ್ಲಿ ಹೇಳುವುದಿಲ್ಲವೇ? ಅಂಥದ್ದೇ ನಂಬಿಕೆ ಇದು. ಬೆಳಗಿನ ಕರಾವಿನಲ್ಲಿ ಹಾಲು ಕಡಿಮೆಯಾದರೆ ದೂರಲು ಒಂದು ಜೀವ ಬೇಕಾಗಿತ್ತು. ಹಸು ಮಲಗಿದ್ದಲ್ಲಿ ಮೈಯ ಬಿಸಿಗೆ ಹುಳುಗಳು ಸೇರುತ್ತವೆ, ಹುಳುಗಳಿಗಾಗಿ ಹೆಜ್‌ಹಾಗ್ ಬರುತ್ತದೆ. ನೋಡಿದವರಿಗೆ ಅಷ್ಟು ಸಾಕ್ಷಿ ಸಾಕಾಯಿತು. ಕತ್ತಲಲ್ಲಿ ತಿರುಗುವ ಪ್ರಾಣಿಯೆಂಬ ಕಾರಣಕ್ಕೆ ಮಾಟಗಾತಿಯರ ನಂಟೂ ಅಂಟಿಕೊಂಡಿತು. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದಲ್ಲಿ ಮಾಟಗಾತಿಯರಿಗೆ ಹೊತ್ತು ತಿಳಿಸುವ ಪ್ರಾಣಿಗಳಲ್ಲಿ ಇದೂ ಒಂದು. ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ತಮ್ಮ ರಾಣಿ ಮಲಗಿರುವಾಗ ಹತ್ತಿರ ಸುಳಿಯಬಾರದೆಂದು ಯಕ್ಷಿಣಿಯರು ಹಾವುಗಳ ಜೊತೆಗೆ ಇದನ್ನೂ ದೂರವಿಡುತ್ತಾರೆ.

ಚರ್ಚಿನ ಲೆಕ್ಕದ ಪುಸ್ತಕದಲ್ಲಿ

ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಜನಸಂಖ್ಯೆ ಏರುತ್ತಿತ್ತು. ಬೆಳೆ ಕೆಟ್ಟ ವರ್ಷಗಳಲ್ಲಿ ಆಹಾರದ ಅಭಾವ ತೀವ್ರವಾಗುತ್ತಿತ್ತು. ಎಂಟನೆಯ ಹೆನ್ರಿಯ ಕಾಲದಲ್ಲಿ, 1532ರಲ್ಲಿ, ಕಾಳು ತಿನ್ನುವ ಕಾಗೆಗಳ ವಿರುದ್ಧ ಕಾನೂನು ಬಂತು. ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ, 1566ರಲ್ಲಿ, ಧಾನ್ಯರಕ್ಷಣೆಯ ಹೆಸರಿನಲ್ಲೇ ಇನ್ನೂ ದೊಡ್ಡ ಪಟ್ಟಿ ತಯಾರಾಯಿತು. ನರಿ ಮತ್ತು ಬ್ಯಾಜರ್ ತಲೆಗೆ ಹನ್ನೆರಡು ಪೆನ್ನಿ. ನೀರುನಾಯಿಗೂ ಹೆಜ್‌ಹಾಗ್‌ಗೂ ಎರಡೆರಡು ಪೆನ್ನಿ. ಮೂರು ಇಲಿಗಳಿಗೆ ಒಂದು ಪೆನ್ನಿ. ಹೆಜ್‌ಹಾಗ್ ಒಂದು ಕಾಳನ್ನೂ ತಿನ್ನುವುದಿಲ್ಲವೆಂಬುದು ಯಾರ ಗಮನಕ್ಕೂ ಬಂದಂತಿಲ್ಲ. ಬೆಳೆಗೆ ಶತ್ರುವಾದ ಹುಳುಗಳನ್ನು ತಿನ್ನುವ ಪ್ರಾಣಿಯನ್ನೇ ಬೆಳೆರಕ್ಷಣೆಯ ಹೆಸರಿನಲ್ಲಿ ಕೊಲ್ಲಿಸಿದ್ದು ಆ ಕಾನೂನಿನ ವಿಪರ್ಯಾಸ.

ಹಣ ಪಾವತಿ ಮಾಡುವ ಹೊಣೆ ಆಯಾ ಊರಿನ ಚರ್ಚಿನ ಪಾರುಪತ್ಯಗಾರರದು. ಬಡವರಿಗೆ, ಹುಡುಗರಿಗೆ ಇದೊಂದು ಸುಲಭದ ಸಂಪಾದನೆ. ಮುಟ್ಟಿದರೆ ಅಲ್ಲೇ ಮುದುಡಿ ಕೂರುವ ಪ್ರಾಣಿಯನ್ನು ಹಿಡಿಯಲು ಬಲೆಯೂ ಬೇಡ, ಬಂದೂಕೂ ಬೇಡ. ನರಿಯಿಂದ ಪಾರುಮಾಡುವ ಉಪಾಯವೇ ಮನುಷ್ಯನೆದುರು ಪ್ರಾಣಕ್ಕೆ ಎರವಾಯಿತು. ಗಂಟೆ ರಿಪೇರಿ, ಮೇಣದ ಬತ್ತಿಗಳ ಖರ್ಚಿನ ನಡುವೆ ಹೆಜ್‌ಹಾಗ್ ತಲೆಗಳಿಗೆ ಕೊಟ್ಟ ಹಣವನ್ನೂ ಚರ್ಚುಗಳು ಬರೆದಿಟ್ಟವು. ಈ ಹಳೆಯ ಲೆಕ್ಕಗಳನ್ನು ಇಂಗ್ಲೆಂಡ್ ಮತ್ತು ವೇಲ್ಸಿನುದ್ದಕ್ಕೂ ಹುಡುಕಿ ಓದಿದ ರಾಜರ್ ಲವ್‌ಗ್ರೋವ್ 2007ರಲ್ಲಿ ‘ಸೈಲೆಂಟ್ ಫೀಲ್ಡ್ಸ್’ ಎಂಬ ಪುಸ್ತಕ ಪ್ರಕಟಿಸಿದರು. 1660ರಿಂದ 1800ರವರೆಗಿನ ಅವಧಿಯಲ್ಲೇ ಸುಮಾರು ಐದು ಲಕ್ಷ ಹೆಜ್‌ಹಾಗ್‌ಗಳು ಹೀಗೆ ಸತ್ತಿರಬೇಕೆಂಬುದು ಅವರ ಅಂದಾಜು. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಈ ಕಾನೂನು ಪುಸ್ತಕದಿಂದ ಹೋಗಿರಲಿಲ್ಲ. ಅಲೆಮಾರಿ ಜಿಪ್ಸಿ ಜನ ಇದನ್ನು ತಿನ್ನುತ್ತಿದ್ದುದೂ ಉಂಟು. ಜೇಡಿಮಣ್ಣು ಮೆತ್ತಿ ಕೆಂಡದಲ್ಲಿ ಸುಟ್ಟರೆ ಮಣ್ಣಿನೊಡನೆ ಮುಳ್ಳೂ ಕಳಚಿಬರುತ್ತಿತ್ತು.

ನೋಡುವ ಕಣ್ಣು ಬಂದಾಗ

ಬದಲಾವಣೆ ಶುರುವಾದದ್ದು ಕೊಲ್ಲದೆ ಸುಮ್ಮನೆ ನೋಡಿದವರಿಂದ. ಹ್ಯಾಂಪ್‌ಷೈರಿನ ಸೆಲ್‌ಬೋರ್ನ್ ಎಂಬ ಹಳ್ಳಿಯಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿಯಿದ್ದರು. ತಮ್ಮ ತೋಟದಲ್ಲಿ, ಸುತ್ತಲ ಹೊಲಗಳಲ್ಲಿ ಕಂಡದ್ದನ್ನು ಗೆಳೆಯರಿಗೆ ಪತ್ರಗಳಲ್ಲಿ ತಿಳಿಸುವುದು ಅವರ ರೂಢಿ. ಆ ಪತ್ರಗಳ ಸಂಗ್ರಹ 1789ರ ಹೊತ್ತಿಗೆ ಪುಸ್ತಕವಾಗಿ ಬಂದು ಇಂದಿಗೂ ಮುದ್ರಣದಲ್ಲಿದೆ. ತಮ್ಮ ತೋಟದ ಹೆಜ್‌ಹಾಗ್‌ಗಳ ಬಗ್ಗೆ, ಅದರಲ್ಲೂ ಮರಿಗಳ ಬಗ್ಗೆ, ವೈಟ್ ಬರೆದಿದ್ದಾರೆ. ಹುಟ್ಟುವ ಮರಿಯ ಮುಳ್ಳು ಮೆತ್ತಗಿರಲೇಬೇಕು, ಇಲ್ಲದಿದ್ದರೆ ತಾಯಿಯ ಗತಿಯೇನು ಎಂದು ಅವರು ಯೋಚಿಸಿದರು. ಯೋಚನೆ ಸರಿಯಾಗಿತ್ತು. ಹುಟ್ಟುವಾಗ ಮರಿಯ ಮುಳ್ಳುಗಳು ನೀರು ತುಂಬಿ ಉಬ್ಬಿದ ಚರ್ಮದಡಿ ಅಡಗಿರುತ್ತವೆ. ಕೆಲವೇ ಗಂಟೆಗಳಲ್ಲಿ ಆ ನೀರು ಇಂಗಿ ಬಿಳಿಯ ಮುಳ್ಳು ಹೊರಬರುತ್ತದೆ.

ಹತ್ತೊಂಬತ್ತನೆಯ ಶತಮಾನದ ಲಂಡನ್ನಿಗೆ ಹೆಜ್‌ಹಾಗ್ ಬಂದದ್ದು ಪ್ರೀತಿಯಿಂದಲ್ಲ, ಉಪಯೋಗದಿಂದ. ಕಲ್ಲಿದ್ದಲ ಒಲೆಯ ನೆಲಮಾಳಿಗೆಯ ಅಡಿಗೆಮನೆಗಳಲ್ಲಿ ಜಿರಳೆಗಳ ಕಾಟ ವಿಪರೀತ. ಲಂಡನ್ನಿನ ಬಡವರ ಬದುಕನ್ನು 1851ರ ಸುಮಾರಿಗೆ ದಾಖಲಿಸಿದ ಹೆನ್ರಿ ಮೇಹ್ಯೂ, ಹಳ್ಳಿಗಳಿಂದ ಹೆಜ್‌ಹಾಗ್ ಹಿಡಿದು ತಂದು ಬೀದಿಯಲ್ಲಿ ಮಾರುವವರ ಬಗ್ಗೆಯೂ ಬರೆದಿದ್ದಾನೆ. ಕೊಂಡವರು ಅದನ್ನು ಅಡಿಗೆಮನೆಯಲ್ಲಿ ಬಿಟ್ಟು ರಾತ್ರಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹಳ್ಳಿಯ ಕಳ್ಳ ಪಟ್ಟಣದಲ್ಲಿ ಕಾವಲುಗಾರನಾದ!

ಆಮೇಲೆ ಬಂದದ್ದು 1905ರ ಒಂದು ಮಕ್ಕಳ ಪುಸ್ತಕ. ಬೀಟ್ರಿಕ್ಸ್ ಪಾಟರ್ ಬರೆದು ಚಿತ್ರಿಸಿದ ‘ಮಿಸೆಸ್ ಟಿಗ್ಗಿ–ವಿಂಕಲ್’ ಕಥೆಯಲ್ಲಿ ಹೆಜ್‌ಹಾಗ್ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಗಸಗಿತ್ತಿ. ತಲೆಗೆ ಕುಲಾವಿ, ಸೊಂಟಕ್ಕೆ ಸೆರಗುಬಟ್ಟೆ; ಕುಲಾವಿಯಿಂದ ಮುಳ್ಳುಗಳು ಹೊರಚಾಚಿವೆ. ಪಾಟರ್ ಅದೇ ಹೆಸರಿನ ಹೆಜ್‌ಹಾಗ್ ಒಂದನ್ನು ಸಾಕಿದ್ದರು. ಸ್ಕಾಟ್ಲೆಂಡಿನಲ್ಲಿ ಅವರಿಗೆ ಪರಿಚಯವಿದ್ದ ಕಿಟ್ಟಿ ಮ್ಯಾಕ್‌ಡೊನಾಲ್ಡ್ ಎಂಬ ಮುದುಕಿ ಅಗಸಗಿತ್ತಿಯೂ ಈ ಪಾತ್ರದಲ್ಲಿ ಸೇರಿಕೊಂಡಿದ್ದಾಳೆ. ಈ ಪುಸ್ತಕ ಓದಿ ಬೆಳೆದ ತಲೆಮಾರುಗಳಿಗೆ ಹೆಜ್‌ಹಾಗ್ ಮನೆಯವಳೇ ಆದಳು. ಎರಡು ಮಹಾಯುದ್ಧಗಳ ನಡುವೆ ಇಂಗ್ಲೆಂಡಿನ ಊರುಗಳ ಅಂಚಿನಲ್ಲಿ ಹಿತ್ತಲಿರುವ ಮನೆಗಳು ಸಾಲುಸಾಲಾಗಿ ಎದ್ದವು. ಒಂದಕ್ಕೊಂದು ಅಂಟಿದ ಈ ಹಿತ್ತಲುಗಳು ಹೆಜ್‌ಹಾಗ್ ಪಾಲಿಗೆ ಹೊಸ ಕಾಡಾಯಿತು. ಸಂಜೆ ಬಾಗಿಲ ಬಳಿ ಬಟ್ಟಲಲ್ಲಿ ಹಾಲು, ಬ್ರೆಡ್ಡು ಇಟ್ಟು ಕಾಯುವುದು ಮನೆಮನೆಯ ರೂಢಿಯಾಯಿತು.

ಕರೆಯುವ ಬಗೆ, ನೋಡುವ ಬಗೆ

ಆ ಹಾಲು, ಬ್ರೆಡ್ಡು ತಪ್ಪು ಆತಿಥ್ಯವೆಂಬುದು ಗೊತ್ತಾದದ್ದು ಆಮೇಲೆ. ಹಸುವಿನ ಹಾಲು ಹೆಜ್‌ಹಾಗ್‌ಗೆ ಜೀರ್ಣವಾಗುವುದಿಲ್ಲ, ಭೇದಿಯಾಗಿ ನಿತ್ರಾಣಗೊಳ್ಳುತ್ತದೆ. ಹಾಲು ಕದಿಯುತ್ತದೆಂದು ಮುನ್ನೂರು ವರ್ಷ ಕೊಂದವರ ಮೊಮ್ಮಕ್ಕಳು ಅದೇ ಹಾಲನ್ನು ಪ್ರೀತಿಯಿಂದ ಕುಡಿಸಿ ಕಾಯಿಲೆ ತಂದರು. ಎರಡಕ್ಕೂ ಮೂಲ ಒಂದೇ ಕಟ್ಟುಕಥೆ. ಈಗ ತಜ್ಞರು ಹೇಳುವುದು ಆಳವಿಲ್ಲದ ತಟ್ಟೆಯಲ್ಲಿ ಬರೀ ನೀರು. ಹಾಕುವುದಾದರೆ ನಾಯಿ ಅಥವಾ ಬೆಕ್ಕಿಗೆ ಕೊಡುವ ಮಾಂಸದ ಆಹಾರ.

ಅದಕ್ಕಿಂತ ಮುಖ್ಯವಾದದ್ದು ಹಿತ್ತಲನ್ನು ಸ್ವಲ್ಪ ಹಾಗೇ ಬಿಡುವುದು. ಮೂಲೆಯಲ್ಲಿ ತರಗೆಲೆಯ ರಾಶಿ, ಕೊಳೆಯುವ ಮರದ ತುಂಡುಗಳು, ಕತ್ತರಿಸದ ಹುಲ್ಲು ಇದ್ದರೆ ಜೀರುಂಡೆ, ಕಂಬಳಿಹುಳು, ಎರೆಹುಳುಗಳಿರುತ್ತವೆ. ಅವಿದ್ದರೆ ಹೆಜ್‌ಹಾಗ್ ಬರುತ್ತದೆ. ಬಂದದ್ದು ಗೊತ್ತಾಗುವುದು ಬೆಳಿಗ್ಗೆ ಹುಲ್ಲಿನ ಮೇಲೆ ಬಿದ್ದ ಕಪ್ಪು ಹಿಕ್ಕೆಗಳಿಂದ; ಅವುಗಳಲ್ಲಿ ಜೀರುಂಡೆಯ ರೆಕ್ಕೆಚೂರುಗಳು ಮಿರುಗುತ್ತವೆ. ಕತ್ತಲಾದ ಮೇಲೆ ಕಿಟಕಿಯ ಬಳಿ ಸದ್ದಿಲ್ಲದೆ ಕೂತರೆ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಸೂಸುವ, ಅಗಿಯುವ, ಎಲೆ ಸರಿಸುವ ಸದ್ದು ಅದರ ಮೈಗಿಂತ ದೊಡ್ಡದು. ಬೇಸಿಗೆಯ ಮೊದಲಲ್ಲಿ ಗಂಡು ಹೆಣ್ಣಿನ ಸುತ್ತ ಗಂಟೆಗಟ್ಟಲೆ ಸುತ್ತುತ್ತದೆ. ಹೆಣ್ಣು ಬುಸುಗುಟ್ಟುತ್ತಲೇ ಇರುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ನಾಲ್ಕೈದು ಮರಿಗಳು. ನವೆಂಬರ್ ಹೊತ್ತಿಗೆ ಎಲೆಗಳ ಗೂಡಿನಲ್ಲಿ ದೀರ್ಘನಿದ್ರೆ. ಆಗ ಮೈಯ ಶಾಖ 35 ಡಿಗ್ರಿ ಸೆಲ್ಸಿಯಸ್ಸಿನಿಂದ 10 ಡಿಗ್ರಿಗೂ ಕೆಳಗಿಳಿಯುತ್ತದೆ. ನಿಮಿಷಕ್ಕೆ ಸುಮಾರು 190 ಸಲ ಬಡಿಯುವ ಗುಂಡಿಗೆ 20 ಸಲಕ್ಕೆ ಬರುತ್ತದೆ. ಮಾರ್ಚಿನವರೆಗೂ ಬದುಕು ಹೊಟ್ಟೆಯ ಕೊಬ್ಬಿನ ಮೇಲೆ.

ನವೆಂಬರ್ ಐದರಂದು ಇಂಗ್ಲೆಂಡಿನಲ್ಲಿ ಸೌದೆ ಪೇರಿಸಿ ಬೆಂಕಿ ಹಾಕುವ ಹಬ್ಬವಿದೆ. ನಿದ್ರೆಗೆ ಜಾಗ ಹುಡುಕುವ ಹೆಜ್‌ಹಾಗ್‌ಗೆ ಆ ಸೌದೆರಾಶಿಗಿಂತ ಒಳ್ಳೆಯ ಮನೆ ಯಾವುದು? ಬೆಂಕಿ ಹಚ್ಚುವ ಮುನ್ನ ರಾಶಿಯ ಬುಡ ಎತ್ತಿ ನೋಡಿ ಎಂಬ ಎಚ್ಚರಿಕೆ ಪ್ರತಿ ವರ್ಷ ಅಲ್ಲಿನ ಪತ್ರಿಕೆಗಳಲ್ಲಿ ಬರುತ್ತದೆ.

ಪ್ರೀತಿ ಹೆಚ್ಚಿತು, ಸಂಖ್ಯೆ ಇಳಿಯಿತು

ಕಾಳಜಿಗೆ ಸಂಘಟನೆಯ ರೂಪ ಕೊಟ್ಟವರಲ್ಲಿ ಮೇಜರ್ ಏಡ್ರಿಯನ್ ಕೋಲ್ಸ್ ಮೊದಲಿಗರು. ದನಗಳು ದಾಟದಂತೆ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಸರಳುಗಳನ್ನು ಜೋಡಿಸಿ ಕೆಳಗೆ ಗುಂಡಿ ತೋಡಿರುತ್ತಾರೆ. ಷ್ರಾಪ್‌ಷೈರಿನಲ್ಲಿ ಅಂಥ ಗುಂಡಿಗೆ ಬಿದ್ದ ಹೆಜ್‌ಹಾಗ್ ಒಂದನ್ನು ಕೋಲ್ಸ್ ಎತ್ತಿದರು. ಜಿಲ್ಲಾ ಮಂಡಳಿಯ ಸದಸ್ಯರೂ ಆಗಿದ್ದ ಅವರು ಗುಂಡಿಗಳಲ್ಲಿ ಹತ್ತಿಬರಲು ಇಳಿಜಾರು ಹಲಗೆ ಇರಬೇಕೆಂದು ಪಟ್ಟುಹಿಡಿದರು. 1982ರಲ್ಲಿ ಅವರಿಂದ ಬ್ರಿಟಿಷ್ ಹೆಜ್‌ಹಾಗ್ ಸಂರಕ್ಷಣಾ ಸಂಘ ಆರಂಭವಾಯಿತು. 2013ರಲ್ಲಿ ಬಿಬಿಸಿಯ ವನ್ಯಜೀವಿ ಪತ್ರಿಕೆ ರಾಷ್ಟ್ರದ ಲಾಂಛನ ಪ್ರಾಣಿ ಯಾವುದಾಗಬೇಕೆಂದು ಓದುಗರನ್ನು ಕೇಳಿದಾಗ ಶೇಕಡಾ 42 ಮತ ಪಡೆದು ಗೆದ್ದದ್ದು ಹೆಜ್‌ಹಾಗ್.

ಇಷ್ಟು ಹೊತ್ತಿಗೆ ಪ್ರಾಣಿಯೇ ಕಡಿಮೆಯಾಗುತ್ತ ಬಂದಿತ್ತು. ಗ್ರೇಟ್ ಬ್ರಿಟನ್ನಿನಲ್ಲಿ ಸುಮಾರು ಹದಿನೈದೂವರೆ ಲಕ್ಷ ಹೆಜ್‌ಹಾಗ್‌ಗಳಿವೆಯೆಂದು 1995ರ ಅಂದಾಜು ಹೇಳಿತು. 2018ರ ಅಂದಾಜು ಒಂಬತ್ತು ಲಕ್ಷಕ್ಕೂ ಕಡಿಮೆ. ಎಣಿಸುವ ಕ್ರಮಗಳು ಬೇರೆಯಾದರೂ ದಿಕ್ಕು ಸ್ಪಷ್ಟ. 2020ರಲ್ಲಿ ಬ್ರಿಟನ್ನಿನ ಸಸ್ತನಿಗಳ ಕೆಂಪುಪಟ್ಟಿಗೆ ಇದು ಸೇರಿತು. 2000ದಿಂದೀಚೆಗೆ ಹಳ್ಳಿಗಾಡಿನಲ್ಲಿ ಶೇಕಡಾ 30ರಿಂದ 75ರಷ್ಟು ಕುಸಿತವಾಗಿದೆ ಎಂದು 2022ರ ವರದಿ ತಿಳಿಸಿತು. ಪಟ್ಟಣಗಳಲ್ಲಿ ಮಾತ್ರ ಸ್ಥಿತಿ ಸ್ಥಿರವಾಗಿ ಸ್ವಲ್ಪ ಚೇತರಿಕೆಯ ಲಕ್ಷಣಗಳಿವೆ. 2024ರಲ್ಲಿ ಯುರೋಪಿನ ಒಟ್ಟು ಹೆಜ್‌ಹಾಗ್‌ಗಳನ್ನೇ ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಪಾಯದ ಅಂಚಿಗೆ ಬಂದವುಗಳ ಸಾಲಿಗೆ ಸೇರಿಸಲಾಯಿತು.

ಕಾರಣಗಳು ಗುಟ್ಟಿನವಲ್ಲ. ಎರಡನೆಯ ಮಹಾಯುದ್ಧದ ನಂತರ ದೊಡ್ಡ ಯಂತ್ರಗಳಿಗೆ ಅನುಕೂಲವಾಗಲೆಂದು ಹೊಲಗಳ ನಡುವಿನ ಬೇಲಿಗಳನ್ನು ಕಿತ್ತರು. ಹೆಸರಿನಲ್ಲೇ ಬೇಲಿಯಿರುವ ಪ್ರಾಣಿಗೆ ಬೇಲಿಯೇ ಇಲ್ಲವಾಯಿತು. ಕೀಟನಾಶಕ ಅದರ ಊಟವನ್ನು ಕೊಂದಿತು. ರಸ್ತೆಗಳಲ್ಲಿ ವರ್ಷಕ್ಕೆ ಲಕ್ಷಕ್ಕೂ ಮಿಕ್ಕಿ ಸಾಯುತ್ತವೆ. ಎದುರಿಗೆ ವಾಹನ ಬಂದಾಗಲೂ ಅದಕ್ಕೆ ಗೊತ್ತಿರುವುದು ಮುದುಡಿ ಕೂರುವುದೊಂದೇ. ಹಿತ್ತಲುಗಳೂ ಮೊದಲಿನಂತಿಲ್ಲ. ಕಲ್ಲುಹಾಸು, ಪ್ಲಾಸ್ಟಿಕ್ ಹುಲ್ಲು, ನೆಲಕ್ಕೆ ಕಚ್ಚಿ ನಿಂತ ಕಾಂಕ್ರೀಟು–ಹಲಗೆಯ ಗೋಡೆಗಳು. ರಾತ್ರಿಗೆ ಒಂದೆರಡು ಕಿಲೋಮೀಟರ್ ಸುತ್ತುವ ಪ್ರಾಣಿಗೆ ಒಂದು ಹಿತ್ತಲು ಎಷ್ಟೇ ಸೊಗಸಾಗಿದ್ದರೂ ಸಾಲದು. ಹೀಗಾಗಿ 2011ರಲ್ಲಿ ಆರಂಭವಾದ ‘ಹೆಜ್‌ಹಾಗ್ ಸ್ಟ್ರೀಟ್’ ಆಂದೋಲನ ಜನರನ್ನು ಕೇಳಿದ್ದು ಹಣವನ್ನಲ್ಲ; ಗೋಡೆಯ ಬುಡದಲ್ಲಿ 13 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ ಒಂದು ಕಿಂಡಿಯನ್ನು. ಅದಕ್ಕೆ ಪಕ್ಕದ ಮನೆಯವರ ಒಪ್ಪಿಗೆ ಬೇಕು. ಹೆಜ್‌ಹಾಗ್ ನೆಪದಲ್ಲಿ ನೆರೆಹೊರೆಯವರು ಮಾತಾಡಬೇಕಾಯಿತು. ಬಸವನಹುಳುಗಳನ್ನು ಕೊಲ್ಲಲು ಹಿತ್ತಲಲ್ಲಿ ಚೆಲ್ಲುತ್ತಿದ್ದ ಮೆಟಾಲ್ಡಿಹೈಡ್ ಗುಳಿಗೆಗಳನ್ನು ಹೊರಾಂಗಣದಲ್ಲಿ ಬಳಸುವುದನ್ನು 2022ರಲ್ಲಿ ಗ್ರೇಟ್ ಬ್ರಿಟನ್ ನಿಷೇಧಿಸಿತು.

ದ್ವೀಪದ ಪಾಠ

ಆದರೆ ಆತಿಥ್ಯಕ್ಕೂ ಒಂದು ಎಲ್ಲೆಯಿದೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಸೌತ್ ಉಯಿಸ್ಟ್ ದ್ವೀಪದಲ್ಲಿ ಹೆಜ್‌ಹಾಗ್‌ಗಳಿರಲಿಲ್ಲ. ತೋಟದ ಹುಳುಗಳನ್ನು ತಿನ್ನಲೆಂದು 1974ರಲ್ಲಿ ಕೆಲವನ್ನು ಅಲ್ಲಿಗೆ ಒಯ್ದು ಬಿಟ್ಟರು. ಶತ್ರುಗಳಿಲ್ಲದ ದ್ವೀಪದಲ್ಲಿ ಅವು ಸಾವಿರಗಟ್ಟಲೆಯಾಗಿ, ನೆಲದ ಮೇಲೆ ಗೂಡು ಕಟ್ಟುವ ಕಡಲತೀರದ ಹಕ್ಕಿಗಳ ಮೊಟ್ಟೆಗಳನ್ನು ತಿನ್ನತೊಡಗಿದವು. 2003ರಲ್ಲಿ ಸರ್ಕಾರದ ಪ್ರಕೃತಿ ಸಂರಕ್ಷಣಾ ಸಂಸ್ಥೆಯೇ ಅವುಗಳನ್ನು ಕೊಲ್ಲಲು ಆರಂಭಿಸಿತು. ಪ್ರಾಣಿಪ್ರಿಯರು ಎದ್ದುನಿಂತರು. ಜೀವಂತ ಹೆಜ್‌ಹಾಗ್ ತಂದುಕೊಟ್ಟವರಿಗೆ ಹಣ ಕೊಡುವುದಾಗಿ ಸಾರಿ, ಸಿಕ್ಕವುಗಳನ್ನು ಹಡಗಿನಲ್ಲಿ ಸ್ಕಾಟ್ಲೆಂಡಿನ ಮುಖ್ಯಭೂಮಿಗೆ ಸಾಗಿಸಿದರು. 2007ರಲ್ಲಿ ಸಂಸ್ಥೆ ಕೊಲ್ಲುವುದನ್ನು ಬಿಟ್ಟು ಸ್ಥಳಾಂತರದ ದಾರಿ ಹಿಡಿಯಿತು. ಬ್ರಿಟಿಷ್ ವಲಸಿಗರು ಹತ್ತೊಂಬತ್ತನೆಯ ಶತಮಾನದಲ್ಲಿ ಒಯ್ದ ನ್ಯೂಜಿಲೆಂಡಿನಲ್ಲೂ ಇದೇ ಕಥೆ. ಅಲ್ಲಿ ಇಂದಿಗೂ ಹೆಜ್‌ಹಾಗ್ ಪಿಡುಗು. ಆ ನಾಡಿಗೇ ವಿಶಿಷ್ಟವಾದ ಕೀಟ, ಹಲ್ಲಿ, ಹಕ್ಕಿಗಳ ಪಾಲಿಗೆ ಯಮ.

ಪಿಡುಗು, ಅತಿಥಿ ಎಂಬ ಹೆಸರುಗಳನ್ನು ಕೊಡುವವರು ನಾವು. ಪ್ರಾಣಿಗೆ ಅವು ಗೊತ್ತಿಲ್ಲ. ಎಲಿಜಬೆತ್ ರಾಣಿಯ ಕಾಲದಲ್ಲಿ ಕಟ್ಟುಕಥೆಯನ್ನು ನಂಬಿ ಕೊಂದರು. ಉಯಿಸ್ಟ್ ದ್ವೀಪಕ್ಕೆ ಮುಂದಾಲೋಚನೆಯಿಲ್ಲದೆ ಒಯ್ದರು. ಹಾಲಿನ ಬಟ್ಟಲನ್ನು ವಿಚಾರಿಸದೆ ಇಟ್ಟರು. ಮೂರೂ ಕಡೆ ಕೊರತೆಯಾದದ್ದು ಎದುರಿಗಿರುವ ಜೀವವನ್ನು ಗಮನಿಸುವ ತಾಳ್ಮೆ. ಡೆನ್ಮಾರ್ಕಿನಲ್ಲಿ ಸಾರ್ವಜನಿಕರು ಕಳುಹಿಸಿಕೊಟ್ಟ ಸುಮಾರು ಏಳುನೂರು ಸತ್ತ ಹೆಜ್‌ಹಾಗ್‌ಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅವುಗಳ ಸರಾಸರಿ ವಯಸ್ಸು ಕೇವಲ ಎರಡು ವರ್ಷ. ಆದರೆ ಒಂದು ಮಾತ್ರ ಹದಿನಾರು ವರ್ಷ ಬದುಕಿತ್ತು. ರಸ್ತೆ, ಯಂತ್ರ, ವಿಷಗಳನ್ನೆಲ್ಲ ದಾಟಿಕೊಂಡರೆ ಈ ಪ್ರಾಣಿಗೆ ಎಷ್ಟು ಆಯುಸ್ಸಿದೆ ಎಂಬುದಕ್ಕೆ ಅದೊಂದು ಸಾಕ್ಷಿ. ಆ ಆಯುಸ್ಸಿಗೆ ಇಂದು ಇಂಗ್ಲೆಂಡಿನ ಮನೆಯೊಡೆಯ ತೆರಬೇಕಾದ ಬೆಲೆ ಎರಡು ಪೆನ್ನಿಗಿಂತ ಹೆಚ್ಚೇನಲ್ಲ: ಬೇಲಿಯಲ್ಲೊಂದು ಕಿಂಡಿ, ಮೂಲೆಯಲ್ಲಿ ಗುಡಿಸದೆ ಬಿಟ್ಟ ಒಂದಿಷ್ಟು ತರಗೆಲೆ.